ಕೊಲೆ ಮಾಡಿದ್ದು ಯಾರು ಅಂತ ನಾನು ಹೇಳಲ್ಲ

1/8

ಈ ವಾರ ಎಂಟು ಪೋಸ್ಟ್, ಒಂದೇ ಪುಸ್ತಕ. ಅಗಾಥಾ ಕ್ರಿಸ್ಟಿ ಬರೆದ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’.

ಶುರು ಮಾಡೋಕೆ ಮುಂಚೆ ಎರಡು ಮಾತು. ಒಂದು, ಎಂಟೂ ಪೋಸ್ಟ್ ಓದಿ ಮುಗಿಸಿದ ಮೇಲೂ ಕೊಲೆಗಾರ ಯಾರು ಅಂತ ನಿಮಗೆ ಗೊತ್ತಾಗಲ್ಲ. ಎರಡು, ದಯವಿಟ್ಟು ಈಗಲೇ ಇನ್ನೊಂದು ಟ್ಯಾಬ್ ತೆಗೆದು ಹುಡುಕಬೇಡಿ. ಎರಡು ಸೆಕೆಂಡಿನಲ್ಲಿ ಉತ್ತರ ಸಿಗುತ್ತೆ, ನಿಜ. ಆದ್ರೆ ಆ ಎರಡು ಸೆಕೆಂಡಿಗೆ ನೀವು ಕೊಡೋ ಬೆಲೆ ಎಷ್ಟು ಅಂತ ಐದನೇ ಪೋಸ್ಟ್‌ನಲ್ಲಿ ಹೇಳ್ತೀನಿ.

ಪುಸ್ತಕ ಬಂದಿದ್ದು 1926ರಲ್ಲಿ. ಅದಕ್ಕೂ ಮುಂಚೆ, 1925ರಲ್ಲಿ, ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಅಂದ್ರೆ ಜನ ದಿನಾ ಸಂಜೆ ಪೇಪರ್ ಬರೋದನ್ನ ಕಾಯ್ತಾ ಓದಿದ ಕಥೆ ಇದು. 2013ರಲ್ಲಿ ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘದ ಸದಸ್ಯರು ಮತ ಹಾಕಿ, ಈವರೆಗಿನ ಅತ್ಯುತ್ತಮ ಅಪರಾಧ ಕಾದಂಬರಿ ಅಂತ ಆರಿಸಿದ್ದು ಇದನ್ನೇ. ಇದೇ ಕಸುಬಿನವರು ಒಪ್ಪಿಕೊಂಡ ಪುಸ್ತಕ ಅಂದ್ರೆ ಸುಮ್ನೆ ಅಲ್ಲ.

ನನ್ನ ಅಭಿಪ್ರಾಯ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಇವತ್ತು ನಾವೆಲ್ಲ ಫೋನ್ ಹಿಡ್ಕೊಂಡ ಪತ್ತೇದಾರರು. ಯಾವ ಸುದ್ದಿ ಬಂದ್ರೂ ಅರ್ಧ ಗಂಟೆಯಲ್ಲಿ ಅಪರಾಧಿ ಯಾರು ಅಂತ ತೀರ್ಮಾನ ಮಾಡಿ ಮುಗಿಸ್ತೀವಿ. ಆದ್ರೆ ಪತ್ತೇದಾರಿಕೆ ಅಂದ್ರೆ ಅದಲ್ಲ. ಅದೇನು ಅಂತ ತಿಳ್ಕೋಬೇಕು ಅಂದ್ರೆ ಒಂದು ಒಳ್ಳೆ ಹಳೇ ಪತ್ತೇದಾರಿ ಕಾದಂಬರಿ ಓದಬೇಕು. ಟೈಮ್‌ಪಾಸ್‌ಗೆ ಅಂತ ಅಲ್ಲ, ತಲೆ ನೆಟ್ಟಗೆ ಇರಲಿ ಅಂತ.

2/8

ಕಥೆ ನಡೆಯೋದು ಕಿಂಗ್ಸ್ ಆ್ಯಬಟ್ ಅನ್ನೋ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ದೊಡ್ಡ ಮನೆ ಅಂತ ಇರೋದೇ ಎರಡು. ಒಂದರಲ್ಲಿ ಮಿಸೆಸ್ ಫೆರಾರ್ಸ್ ಅನ್ನೋ ವಿಧವೆ, ಇನ್ನೊಂದರಲ್ಲಿ ಶ್ರೀಮಂತ ರೋಜರ್ ಆಕ್ರಾಯ್ಡ್. ಮೊದಲ ಪುಟದಲ್ಲೇ ಆ ಹೆಂಗಸು ವೆರೊನಾಲ್ ಅನ್ನೋ ನಿದ್ದೆ ಔಷಧಿ ಜಾಸ್ತಿಯಾಗಿ ಸತ್ತಿರ್ತಾಳೆ. (ಮೊದಲ ಮಹಾಯುದ್ಧದ ಹೊತ್ತಿಗೆ ಟಾರ್ಕಿಯ ಆಸ್ಪತ್ರೆಯಲ್ಲಿ ಔಷಧಿ ಕೊಡೋ ವಿಭಾಗದಲ್ಲಿ ಕ್ರಿಸ್ಟಿ ಕೆಲಸ ಮಾಡಿದ್ರು. ಅವರ ಕಥೆಗಳಲ್ಲಿ ವಿಷದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರೋದು ಅದಕ್ಕೇ.)

ಮರುದಿನ ಆಕ್ರಾಯ್ಡ್ ಊರಿನ ಡಾಕ್ಟರನ್ನ ರಾತ್ರಿ ಊಟಕ್ಕೆ ಕರೆದು ಒಂದು ಗುಟ್ಟು ಹೇಳ್ತಾನೆ. ತನ್ನ ಗಂಡನಿಗೆ ವಿಷ ಹಾಕಿದ್ದು ತಾನೇ ಅಂತ ಆಕೆ ಇವನ ಹತ್ರ ಒಪ್ಪಿಕೊಂಡಿದ್ದಳು. ಅದು ಗೊತ್ತಿದ್ದ ಯಾರೋ ಆಕೆಯನ್ನ ಹೆದರಿಸಿ ದುಡ್ಡು ಕೀಳ್ತಾ ಇದ್ರು. ಯಾರು ಅಂತ ಹೇಳಿರಲಿಲ್ಲ. ಅಷ್ಟರಲ್ಲಿ ಟಪಾಲಿನಲ್ಲಿ ಆಕೆಯದೇ ಪತ್ರ ಬರುತ್ತೆ. ಆ ಹೆಸರು ಅದರಲ್ಲಿದೆ. ಆಕ್ರಾಯ್ಡ್ ಅದನ್ನ ಒಬ್ಬನೇ ಓದ್ಕೋತೀನಿ ಅಂತಾನೆ. ಆ ರಾತ್ರಿಯೇ ಅವನ ಹೆಣ ಓದೋ ಕೋಣೆಯ ಕುರ್ಚಿಯಲ್ಲಿ, ಕತ್ತಿನ ಹಿಂದೆ ಚೂರಿ. ಪತ್ರ ಮಾಯ.

ಇಷ್ಟೂ ಮೊದಲ ಐದು ಅಧ್ಯಾಯದಲ್ಲೇ ಬರುತ್ತೆ, ಹಾಗಾಗಿ ಏನೂ ಕೆಟ್ಟಿಲ್ಲ, ಗಾಬರಿ ಬೇಡ.

ಡಾಕ್ಟರ್ ಮನೆಯ ಪಕ್ಕದಲ್ಲಿ ಹೊಸದಾಗಿ ಬಂದಿರೋ ಒಬ್ಬ ಮೀಸೆ ಆಸಾಮಿ ಕುಂಬಳದ ಜಾತಿಯ ಕಾಯಿ ಬೆಳೀತಾ ಇರ್ತಾನೆ. ಆ ಮೀಸೆ ನೋಡಿ, ಇವನು ನಿವೃತ್ತ ಹೇರ್‌ಡ್ರೆಸ್ಸರೇ ಇರಬೇಕು ಅಂತ ಡಾಕ್ಟರ್ ಅಂದ್ಕೊಂಡಿರ್ತಾರೆ. ಒಂದು ದಿನ ಸಿಟ್ಟು ಬಂದು ಒಂದು ಕಾಯಿ ಎತ್ತಿ ಗೋಡೆ ಆಚೆ ಎಸೀತಾನೆ, ಅದು ಡಾಕ್ಟರ್ ಕಿವಿ ಪಕ್ಕದಲ್ಲೇ ಹಾರಿ ಬೀಳುತ್ತೆ. ಅವನೇ ಹರ್ಕ್ಯೂಲ್ ಪೊಯ್ರೊ, ನಿವೃತ್ತಿ ತಗೊಂಡ ಬೆಲ್ಜಿಯನ್ ಪತ್ತೇದಾರ. ಜಗತ್ತಿನ ಅತಿ ಪ್ರಸಿದ್ಧ ಪತ್ತೇದಾರರಲ್ಲಿ ಒಬ್ಬ ಕಥೆಯೊಳಗೆ ಬರೋದು ಹೀಗೆ, ತರಕಾರಿ ಎಸೆದು!

ಮತ್ತೆ ಡಾಕ್ಟರ್ ಅಕ್ಕ ಕ್ಯಾರೊಲಿನ್. ಮನೆ ಬಿಟ್ಟು ಹೊರಗೆ ಕಾಲಿಡದೆ ಇಡೀ ಊರಿನ ಸುದ್ದಿ ಸಂಗ್ರಹ ಮಾಡೋ ಹೆಂಗಸು. ಹಾಲಿನವನು, ಮನೆಗೆಲಸದ ಹುಡುಗಿ, ಎಲ್ಲರೂ ಅವಳ ವರದಿಗಾರರು. ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದಾರೆ, ಹೆಸರು ಹೇಳೋದು ಬೇಡ.

3/8

ಈ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಹನ್ನೆರಡನೇ ಅಧ್ಯಾಯ. ಪೊಯ್ರೊ ಮನೆಯವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ನಿಮ್ಮಲ್ಲಿ ಪ್ರತಿಯೊಬ್ಬರೂ ನನ್ನಿಂದ ಏನೋ ಒಂದನ್ನ ಮುಚ್ಚಿಡ್ತಾ ಇದ್ದೀರಿ ಅಂತ ಮುಖಕ್ಕೇ ಹೇಳ್ತಾನೆ. ಯಾರೂ ಬಾಯಿ ಬಿಡಲ್ಲ.

ಮುಂದೆ ಒಂದೊಂದಾಗಿ ಹೊರಗೆ ಬರುತ್ತೆ. ಒಬ್ಬರಿಗೆ ಸಾಲ, ಒಬ್ಬರಿಗೆ ಹೇಳ್ಕೊಳ್ಳೋಕಾಗದ ಪ್ರೀತಿ, ಒಬ್ಬರಿಗೆ ಹಳೇ ತಪ್ಪಿನ ಭಯ. ಎಲ್ಲರೂ ಸುಳ್ಳು ಹೇಳಿದ್ದಾರೆ. ಆದ್ರೆ ಎಲ್ಲರೂ ಕೊಲೆ ಮಾಡಿರೋಕೆ ಸಾಧ್ಯ ಇಲ್ಲ ಅಲ್ವಾ?

ಇಲ್ಲಿದೆ ನೋಡಿ ಪಾಠ. ಗುಟ್ಟು ಇದೆ ಅಂದ ಮಾತ್ರಕ್ಕೆ ಅಪರಾಧಿ ಅಂತ ಅಲ್ಲ. ಆಕ್ರಾಯ್ಡ್‌ನ ಮಲಮಗ ರಾಲ್ಫ್ ಪೇಟನ್ ಕೊಲೆಯ ರಾತ್ರಿಯಿಂದ ನಾಪತ್ತೆ. ತಲೆ ಮೇಲೆ ಸಾಲ ಇದೆ, ಆಸ್ತಿ ಬರಬೇಕಿದೆ, ಕಿಟಕಿ ಕಟ್ಟೆ ಮೇಲೆ ಅವನ ಬೂಟಿನ ಗುರುತು ಇದೆ. ಇನ್ಸ್‌ಪೆಕ್ಟರ್ ರ‍್ಯಾಗ್ಲನ್‌ಗೆ ಇಷ್ಟು ಸಾಕು, ಕೇಸ್ ಮುಗೀತು. ಊರಿಗೂ ಸಾಕು. ಪೊಯ್ರೊಗೆ ಮಾತ್ರ ಸಾಲಲ್ಲ. ರಾಲ್ಫೇ ಮಾಡಿದ್ನಾ ಇಲ್ವಾ ಅಂತ ಹೇಳಲ್ಲ, ಓದಿ ತಿಳ್ಕೊಳ್ಳಿ. ನಾನು ಹೇಳ್ತಾ ಇರೋದು ‘ಓಡಿ ಹೋದ, ಹಾಗಾಗಿ ಮಾಡಿದ’ ಅನ್ನೋ ಆ ‘ಹಾಗಾಗಿ’ ಬಗ್ಗೆ.

ನಮ್ಮ ಕ್ಲಾಸಿನವರಿಗೆ ನೆನಪಿರುತ್ತೆ. ಟ್ರಿಪ್‌ಗೆ ಅಂತ ಕೂಡಿಸಿದ್ದ ದುಡ್ಡಿನಲ್ಲಿ 1,400 ರೂಪಾಯಿ ಕಡಿಮೆ ಬಂತು. ಅದೇ ರಾತ್ರಿ ಒಬ್ಬ ಹುಡುಗ ಗ್ರೂಪ್ ಬಿಟ್ಟು ಹೋದ. ಬೆಳಗಾಗೋದ್ರೊಳಗೆ ತೀರ್ಪು ಬಂದಿತ್ತು, ಸ್ಟಿಕ್ಕರ್ ಕೂಡ ತಯಾರಾಗಿತ್ತು. ಅವನು ಗ್ರೂಪ್ ಬಿಟ್ಟಿದ್ದು ಅಪ್ಪ ಆಸ್ಪತ್ರೆಯಲ್ಲಿದ್ರು, ಟ್ರಿಪ್‌ಗೆ ಬರೋಕಾಗಲ್ಲ ಅಂತ. ದುಡ್ಡು ಕಡಿಮೆ ಬಂದಿದ್ದು ಬಸ್ಸಿನವರಿಗೆ ಕೊಟ್ಟ ಅಡ್ವಾನ್ಸ್ ಲೆಕ್ಕದಲ್ಲಿ ಬರೆದಿರಲಿಲ್ಲ ಅಂತ. ಮೂರನೇ ದಿನ ಎರಡೂ ಗೊತ್ತಾಯ್ತು. ಆ ಗ್ರೂಪಲ್ಲಿ ‘ಸಾರಿ’ ಅನ್ನೋ ಮೆಸೇಜ್ ಇವತ್ತಿಗೂ ಬಂದಿಲ್ಲ.

4/8

ಈಗ ಸ್ವಲ್ಪ ಆಟದ ವಿಷಯ.

ಆ ಕಾಲದ ಪತ್ತೇದಾರಿ ಕಾದಂಬರಿ ಅಂದ್ರೆ ಲೇಖಕರಿಗೂ ಓದುಗರಿಗೂ ಮಧ್ಯೆ ನಡೆಯೋ ಪಂದ್ಯ ಇದ್ದ ಹಾಗೆ. ಪತ್ತೇದಾರನಿಗೆ ಸಿಗೋ ಸುಳಿವು ಓದುಗರಿಗೂ ಸಿಗಬೇಕು, ಕೊನೆಯಲ್ಲಿ ಎಲ್ಲಿಂದಲೋ ಹೊಸ ಸಾಕ್ಷಿ ಉದುರಬಾರದು. ಇದನ್ನ ಕೆಲವರು ನಿಯಮವಾಗಿ ಬರೆದೂ ಇಟ್ಟರು. 1928ರಲ್ಲಿ ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ ಇಪ್ಪತ್ತು ನಿಯಮ ಬರೆದ್ರು. 1929ರಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಹತ್ತು ನಿಯಮ ಕೊಟ್ಟರು. 1930ರಲ್ಲಿ ಲಂಡನ್ನಿನಲ್ಲಿ ‘ಡಿಟೆಕ್ಷನ್ ಕ್ಲಬ್’ ಶುರುವಾಯ್ತು, ಜಿ.ಕೆ. ಚೆಸ್ಟರ್ಟನ್ ಮೊದಲ ಅಧ್ಯಕ್ಷರು. ಸೇರೋ ಲೇಖಕರು ಓದುಗರಿಗೆ ಮೋಸ ಮಾಡಲ್ಲ ಅಂತ ತಮಾಷೆಯಾಗಿಯೇ ಪ್ರಮಾಣ ಮಾಡಬೇಕಿತ್ತು. ಕ್ರಿಸ್ಟಿಯೂ ಅದರ ಸದಸ್ಯೆ.

ರೋಜರ್ ಆಕ್ರಾಯ್ಡ್ ಇದೆಲ್ಲಕ್ಕಿಂತ ಮುಂಚೆ ಬಂದ ಪುಸ್ತಕ. ಬಂದಾಗಲೇ ದೊಡ್ಡ ಜಗಳ ಆಯ್ತು. ಕೆಲವರು ಇದು ಶುದ್ಧ ಮೋಸ ಅಂದ್ರು. ಡೊರೊಥಿ ಸೇಯರ್ಸ್ ಥರದವರು, ಎಲ್ಲರನ್ನೂ ಅನುಮಾನಿಸೋದು ಓದುಗರ ಕೆಲಸ, ಅದನ್ನ ಮಾಡದಿದ್ರೆ ಲೇಖಕಿ ಏನು ಮಾಡೋಕಾಗುತ್ತೆ ಅಂತ ಕ್ರಿಸ್ಟಿ ಪರ ನಿಂತ್ರು. ನಾನು ಸೇಯರ್ಸ್ ಪಾರ್ಟಿ.

ಯಾಕೆ ಅಂದ್ರೆ ಎಲ್ಲಾ ಸುಳಿವೂ ಕಣ್ಣ ಮುಂದೆ ಇದೆ. ನೋಡಿ: 8:50ಕ್ಕೆ ಡಾಕ್ಟರ್ ಆಕ್ರಾಯ್ಡ್ ಮನೆಯಿಂದ ಹೊರಡ್ತಾರೆ. 9:30ಕ್ಕೆ ಮುಚ್ಚಿದ ಬಾಗಿಲ ಹಿಂದೆ ಆಕ್ರಾಯ್ಡ್ ಮಾತಾಡೋದನ್ನ ಕಾರ್ಯದರ್ಶಿ ಕೇಳಿಸ್ಕೊಳ್ತಾನೆ. 9:45ಕ್ಕೆ ದೊಡ್ಡಪ್ಪನಿಗೆ ಗುಡ್‌ನೈಟ್ ಹೇಳಿ ಬಂದೆ ಅಂತಾಳೆ ಫ್ಲೋರಾ. 10:15ಕ್ಕೆ ಡಾಕ್ಟರ್ ಮನೆಗೆ ಫೋನ್: ಆಕ್ರಾಯ್ಡ್ ಕೊಲೆಯಾಗಿದೆ, ಮಾತಾಡ್ತಿರೋದು ಬಟ್ಲರ್ ಪಾರ್ಕರ್. ಓಡಿ ಹೋಗಿ ನೋಡಿದ್ರೆ, ನಾನು ಫೋನೇ ಮಾಡಿಲ್ಲ ಅಂತಾನೆ ಪಾರ್ಕರ್. ಬಾಗಿಲು ಒಡೆದು ನೋಡಿದ್ರೆ ಕೊಲೆ ನಿಜ. ಮತ್ತೆ ಕೋಣೆಯಲ್ಲಿ ಒಂದು ಕುರ್ಚಿ ಇದ್ದ ಜಾಗದಿಂದ ಸ್ವಲ್ಪ ಮುಂದಕ್ಕೆ ಬಂದಿದೆ.

ಕುರ್ಚಿ ಯಾಕೆ ಜರುಗಿತು? ಆ ಫೋನ್ ಮಾಡಿ ಯಾರಿಗೆ ಏನು ಲಾಭ? ಈ ಎರಡೇ ಪ್ರಶ್ನೆ ಜೇಬಲ್ಲಿ ಇಟ್ಕೊಂಡು ಓದಿ.

5/8

ಈಗ ಆ ಎರಡು ಸೆಕೆಂಡಿನ ಬೆಲೆ.

‘ಕೊನೆ ಗೊತ್ತಿದ್ರೂ ಒಳ್ಳೆ ಪುಸ್ತಕ ಒಳ್ಳೆ ಪುಸ್ತಕವೇ’ ಅಂತ ವಾದ ಮಾಡೋರು ಇದ್ದಾರೆ. ಅರ್ಧ ಒಪ್ತೀನಿ. ಆಕ್ರಾಯ್ಡ್ ಎರಡನೇ ಸಲ ಓದಿದಾಗ ಮೊದಲ ಸಲಕ್ಕಿಂತ ರುಚಿ. ಮೊದಲ ಸಲ ಸುಮ್ನೆ ದಾಟಿ ಹೋದ ವಾಕ್ಯಗಳು ಎರಡನೇ ಸಲ ನಿಲ್ಲಿಸಿ ಮಾತಾಡಿಸ್ತಾವೆ. ಒಂದೊಂದು ಪದವನ್ನೂ ಆಯಮ್ಮ ಎಷ್ಟು ಹುಷಾರಾಗಿ ಇಟ್ಟಿದ್ದಾರೆ ಅಂತ ನೋಡಿ ನಗು ಬರುತ್ತೆ.

ಆದ್ರೆ ಎರಡನೇ ಓದು ಸಿಗಬೇಕಾದ್ರೆ ಮೊದಲನೇ ಓದು ಆಗಿರಬೇಕಲ್ವಾ? ಏನೂ ಗೊತ್ತಿಲ್ಲದೆ ಓದೋ ಭಾಗ್ಯ ಒಂದು ಪುಸ್ತಕಕ್ಕೆ ಒಂದೇ ಸಲ. ಹುಡುಕಿ ತಿಳ್ಕೊಂಡ್ರೆ ಅದು ಹೋಯ್ತು, ಮರೀಬೇಕು ಅಂದ್ರೂ ಮರೆಯೋಕಾಗಲ್ಲ. ಬೇರೆ ಪುಸ್ತಕಗಳಿಗೆ ಇದು ಅಷ್ಟು ದೊಡ್ಡ ನಷ್ಟ ಅಲ್ಲದೇ ಇರಬಹುದು. ಈ ಪುಸ್ತಕಕ್ಕೆ ದೊಡ್ಡದು.

‘ಸಿನಿಮಾ ನೋಡಿದ್ರೆ ಆಗಲ್ವಾ?’ ಅಂತ ಕೇಳೋರಿಗೆ: 1928ರಲ್ಲೇ ಇದು ‘ಅಲಿಬೈ’ ಅನ್ನೋ ನಾಟಕ ಆಗಿತ್ತು, 1931ರಲ್ಲಿ ಸಿನಿಮಾ, 2000ದಲ್ಲಿ ಡೇವಿಡ್ ಸುಶೇ ಅಭಿನಯದ ಟಿವಿ ಕಂತು. ನೋಡಿ, ಬೇಡ ಅನ್ನಲ್ಲ. ಆದ್ರೆ ಪುಸ್ತಕ ಆದ ಮೇಲೆ. ಇದು ಪುಟದ ಮೇಲೆ ಮಾತ್ರ ಪೂರ್ತಿ ನಡೆಯೋ ಕಥೆ, ಯಾಕೆ ಅಂತ ಓದಿದ ಮೇಲೆ ನಿಮಗೇ ಗೊತ್ತಾಗುತ್ತೆ. ನಾಟಕದಲ್ಲಿ ನಮ್ಮ ಕ್ಯಾರೊಲಿನ್ ಅಕ್ಕನನ್ನ ತೆಗೆದು ಆ ಜಾಗದಲ್ಲಿ ಒಬ್ಬ ಚೆಂದದ ಹುಡುಗಿಯನ್ನ ಹಾಕಿದ್ರು, ಕ್ರಿಸ್ಟಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಕ್ಯಾರೊಲಿನ್‌ಳನ್ನ ಬರೆದಾಗ ಸಿಕ್ಕ ಖುಷಿಯಿಂದಲೇ ಮುಂದೆ ಮಿಸ್ ಮಾರ್ಪಲ್ ಹುಟ್ಟಿರಬಹುದು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಧ್ಯವಯಸ್ಸಿನ ಹೆಂಗಸಿನ ತಲೆ ಚೆಲುವಿಗಿಂತ ದೊಡ್ಡದು ಅಂತ ಅವರಿಗೆ ಗೊತ್ತಿತ್ತು.

6/8

ಬೈಯ್ಯೋರ ಮಾತೂ ಕೇಳೋಣ.

1945ರಲ್ಲಿ ಎಡ್ಮಂಡ್ ವಿಲ್ಸನ್ ಅನ್ನೋ ದೊಡ್ಡ ಅಮೆರಿಕನ್ ವಿಮರ್ಶಕರು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪತ್ತೇದಾರಿ ಕಾದಂಬರಿಗಳನ್ನ ಹಿಗ್ಗಾಮುಗ್ಗಾ ಜಾಡಿಸಿದ್ರು. ರೋಜರ್ ಆಕ್ರಾಯ್ಡ್‌ನ ಯಾರು ಕೊಂದ್ರೆ ಯಾರಿಗೇನು ಅನ್ನೋ ಅರ್ಥದ ಶೀರ್ಷಿಕೆ. ಬೈಯ್ಯೋಕೂ ಇದೇ ಪುಸ್ತಕದ ಹೆಸರು ಬೇಕಾಯ್ತು ನೋಡಿ!

ನಮ್ಮಲ್ಲೂ ಇದೇ ಕಥೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನ ಒಂದು ಕಾಲದಲ್ಲಿ ಕನ್ನಡಿಗರು ಮುಗಿಬಿದ್ದು ಓದಿದ್ರು. ನರಸಿಂಹಯ್ಯ ಬರೆದದ್ದು ನೂರಾರು ಕಾದಂಬರಿ. ಎಷ್ಟೋ ಜನಕ್ಕೆ ಓದೋ ಚಟ ಹತ್ತಿದ್ದೇ ಅವುಗಳಿಂದ. ಆದ್ರೂ ‘ಸಾಹಿತ್ಯ’ ಅಂದಾಗ ಆ ಹೆಸರು ಪಂಕ್ತಿಯ ಕೊನೆಗೆ. ಮನೆಯಲ್ಲಿ ಹಿರಿಯರನ್ನ ಕೇಳಿ ನೋಡಿ, ಪಠ್ಯಪುಸ್ತಕದ ಒಳಗೆ ಇಟ್ಕೊಂಡು ಓದಿದೋರು ಒಬ್ಬರಾದ್ರೂ ಸಿಗ್ತಾರೆ.

ವಿಲ್ಸನ್ ಥರದವರ ಮಾತಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಆಕ್ರಾಯ್ಡ್‌ಗಾಗಿ ಈ ಪುಸ್ತಕದಲ್ಲಿ ಯಾರೂ ಸರಿಯಾಗಿ ಅಳಲ್ಲ. ಸತ್ತವನು ಲೆಕ್ಕದ ಒಂದು ಅಂಕಿ ಆಗಿಬಿಡ್ತಾನೆ. ಮಧ್ಯದಲ್ಲಿ ವಿಚಾರಣೆ ಮೇಲೆ ವಿಚಾರಣೆ, ಕೆಲವು ಕಡೆ ಎಳೆಯುತ್ತೆ. ಮನೆಯವರಿಗಿಂತ ಮೊದಲು ಬಟ್ಲರ್ ಮೇಲೆ ಪೊಲೀಸರ ಕಣ್ಣು ಬೀಳುತ್ತೆ. ಅದು ಆ ಕಾಲದ ಬುದ್ಧಿ. ‘ಆ ಕಾಲದ’ ಅಂತ ಅಂದ್ಕೊಂಡೆ ಅಷ್ಟೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಉಂಗುರ ಕಳೆದ್ರೆ ಮೊದಲು ಯಾರ ಚೀಲ ತಪಾಸಣೆ ಆಗುತ್ತೆ ಅಂತ ನಿಮಗೂ ಗೊತ್ತು.

ಆದ್ರೆ ‘ಯಾರಿಗೇನು’ ಅನ್ನೋದನ್ನ ಒಪ್ಪಲ್ಲ. ಯಾರು ಮಾಡಿದ್ರು ಅನ್ನೋದು ಮುಖ್ಯ. ಯಾಕೆ ಅಂದ್ರೆ ಮಾಡದೇ ಇರೋರು ಸಿಕ್ಕಿಹಾಕ್ಕೋಬಾರದು. ಒಬ್ಬನ ಹೆಸರು ಸರಿಯಾಗಿ ಸಿಗೋವರೆಗೂ ಆ ಊರಿನಲ್ಲಿ ಎಲ್ಲರ ಮೇಲೂ ಅನುಮಾನದ ನೆರಳು ಇರುತ್ತೆ.

7/8

ಈ ಪೋಸ್ಟಿಗಾಗಿಯೇ ಉಳಿದ ಏಳನ್ನೂ ಬರೆದೆ.

1926ನೇ ಇಸವಿ ಕ್ರಿಸ್ಟಿಯ ಬದುಕಿನ ಅತಿ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ತಾಯಿ ತೀರಿಹೋದ್ರು. ಆಮೇಲೆ ಗಂಡ ಬೇರೆ ಒಬ್ಬಳನ್ನ ಪ್ರೀತಿಸ್ತಿದ್ದೀನಿ, ವಿಚ್ಛೇದನ ಬೇಕು ಅಂದ. ಡಿಸೆಂಬರ್ 3ರ ರಾತ್ರಿ ಅವರು ಕಾರ್ ತಗೊಂಡು ಮನೆಯಿಂದ ಹೊರಟ್ರು. ಮರುದಿನ ಕಾರ್ ಸರ್ರೆಯ ನ್ಯೂಲ್ಯಾಂಡ್ಸ್ ಕಾರ್ನರ್ ಹತ್ರ ಖಾಲಿ ನಿಂತಿತ್ತು. ಆಮೇಲೆ ಹನ್ನೊಂದು ದಿನ ಇಡೀ ದೇಶ ಪತ್ತೇದಾರ ಆಯ್ತು. ಸಾವಿರಾರು ಜನ ಹುಡುಕೋಕೆ ಬಂದ್ರು. ಪತ್ರಿಕೆಗಳು ದಿನಾ ಒಂದೊಂದು ಊಹೆ ಮಾರಿದ್ವು: ಆತ್ಮಹತ್ಯೆ, ಗಂಡನೇ ಕೊಂದ, ಪುಸ್ತಕ ಮಾರೋಕೆ ನಾಟಕ. ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಕಾನನ್ ಡಾಯ್ಲ್ ಅವರೇ ಕ್ರಿಸ್ಟಿಯ ಒಂದು ಕೈಗವಸನ್ನ ಆತ್ಮಗಳ ಜೊತೆ ಮಾತಾಡ್ತೀನಿ ಅನ್ನೋನ ಕೈಗೆ ಕೊಟ್ಟರು!

ಡಿಸೆಂಬರ್ 14ರಂದು ಹ್ಯಾರೊಗೇಟ್ ಊರಿನ ಒಂದು ಹೋಟೆಲಿನಲ್ಲಿ ಅವರು ಸಿಕ್ಕರು, ಜೀವಂತ. ಗಂಡನ ಪ್ರೇಯಸಿಯ ಅಡ್ಡಹೆಸರು ಕೊಟ್ಟು ಇಳ್ಕೊಂಡಿದ್ರು. ನೆನಪು ಹೋಗಿತ್ತು ಅಂತ ಗಂಡ ಹೇಳಿದ. ಜನ ನಂಬಲಿಲ್ಲ, ಹುಡುಕಿದ ಖರ್ಚಿನ ಲೆಕ್ಕ ಕೇಳಿದ್ರು. ಅಷ್ಟು ದಪ್ಪದ ಆತ್ಮಕಥೆಯಲ್ಲಿ ಆ ಹನ್ನೊಂದು ದಿನದ ಬಗ್ಗೆ ಕ್ರಿಸ್ಟಿ ಏನೂ ಬರೆದಿಲ್ಲ.

ಯೋಚನೆ ಮಾಡಿ. ಎಲ್ಲರ ಮೇಲೂ ಅನುಮಾನ ಪಡೋ ಆಟವನ್ನ ಜಗತ್ತಿಗೆ ಅಷ್ಟು ಚೆನ್ನಾಗಿ ಆಡಿಸಿದ ಹೆಂಗಸು, ಅದೇ ವರ್ಷ ಆ ಆಟದ ಕಾಯಿ ಆದ್ರು. ಪುಸ್ತಕದಲ್ಲಿ ಅದು ಆಟ. ನಿಜವಾದ ಮನುಷ್ಯರ ಮೇಲೆ ಆಡಿದ್ರೆ ಅದು ಹಿಂಸೆ.

ನಾವು ದಿನಾ ನೋಡೋ ಕ್ರೈಮ್ ರೀಲ್‌ಗಳು ಇದನ್ನೇ ಮಾಡ್ತಾ ಇರೋದು. ಸತ್ತ ಹುಡುಗಿಯ ಫೋಟೋ, ಹಿಂದೆ ಹೆದರಿಸೋ ಮ್ಯೂಸಿಕ್, ‘ನಿಮ್ಮ ಪ್ರಕಾರ ಯಾರು? ಕಾಮೆಂಟ್ ಮಾಡಿ’. ಆ ಹುಡುಗಿಗೆ ಅಪ್ಪ ಅಮ್ಮ ಇದ್ದಾರೆ, ಅವರ ಕೈಯಲ್ಲೂ ಫೋನ್ ಇದೆ. ಪೊಲೀಸ್ ತನಿಖೆ ಮುಗಿದಿಲ್ಲ, ಕೋರ್ಟಿಗೆ ಹೋಗಿಲ್ಲ, ಆದ್ರೆ ಕಾಮೆಂಟಿನಲ್ಲಿ ಗಲ್ಲು ಆಗಿದೆ. ಸಿಕ್ಕಿಬಿದ್ದವನು ಅಲ್ಲ ಅಂತ ಆಮೇಲೆ ಗೊತ್ತಾದ್ರೆ? ಹೊಸ ರೀಲ್ ಬಂದಿರುತ್ತೆ, ಅಷ್ಟೇ.

ಅನುಮಾನ ಪಡೋ ಆಸೆ ತಪ್ಪಲ್ಲ, ಮನುಷ್ಯನಿಗೆ ಸಹಜ. ಆದ್ರೆ ಅದಕ್ಕೊಂದು ಜಾಗ ಇದೆ. ಆ ಹಸಿವಿಗೆ ಕಾದಂಬರಿ ಕೊಡಿ. ಆಕ್ರಾಯ್ಡ್‌ನ ಕೊಲೆಗಾರ ಅಂತ ನೀವು ಯಾರ ಮೇಲೆ ಬೆರಳು ತೋರಿಸಿದ್ರೂ ಒಬ್ಬರ ಮನೆಯಲ್ಲೂ ಊಟ ನಿಲ್ಲಲ್ಲ.

8/8

ಸರಿ, ಓದೋದು ಹೇಗೆ?

ಒಟ್ಟು 27 ಅಧ್ಯಾಯ. ದಿನಕ್ಕೆ ಎರಡು ಓದಿದ್ರೂ ಎರಡು ವಾರ. ಇಂಗ್ಲಿಷ್ ಕಷ್ಟ ಅಂತ ಹಿಂಜರಿಯೋರಿಗೆ, ವಿಶೇಷವಾಗಿ ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು: ಕ್ರಿಸ್ಟಿ ಇಂಗ್ಲಿಷ್ ಸರಳ. ಚಿಕ್ಕ ವಾಕ್ಯ, ಬರೀ ಸಂಭಾಷಣೆ. ಮೊದಲ ಮೂರು ಅಧ್ಯಾಯದಲ್ಲಿ ಹೆಸರುಗಳು ತಲೆ ತಿನ್ನುತ್ತವೆ, ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಆಮೇಲೆ ತಾನಾಗೇ ಓಡುತ್ತೆ. ಕಾಲೇಜ್ ಲೈಬ್ರರಿಯಲ್ಲಿ ಒಮ್ಮೆ ಕೇಳಿ ನೋಡಿ, ಹಳೇ ಪುಸ್ತಕದ ಅಂಗಡಿಗಳಲ್ಲಿ ಕ್ರಿಸ್ಟಿ ಅಂತೂ ಕಡಿಮೆ ಬೆಲೆಗೆ ಸಿಗುತ್ತೆ.

ಹನ್ನೆರಡನೇ ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಒಂದು ಕಾಗದದ ಮೇಲೆ ಮೂರು ಸಾಲು ಬರೀರಿ: ನಿಮ್ಮ ಅನುಮಾನ ಯಾರ ಮೇಲೆ, ಯಾಕೆ, ಅದಕ್ಕೆ ಸಾಕ್ಷಿ ಏನು. ಇಪ್ಪತ್ತಮೂರನೇ ಅಧ್ಯಾಯದಲ್ಲಿ ಪೊಯ್ರೊ ಮತ್ತೆ ಎಲ್ಲರನ್ನೂ ಸೇರಿಸ್ತಾನೆ, ಅದಕ್ಕೆ ಮುಂಚೆ ಇನ್ನೊಮ್ಮೆ ಬರೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಬದಲಾಗಿದ್ರೆ ಒಳ್ಳೇದು. ಬದಲಾಗದಿದ್ರೂ ಸರಿ, ‘ಸಾಕ್ಷಿ ಏನು’ ಅನ್ನೋ ಮೂರನೇ ಸಾಲು ಎಷ್ಟು ಖಾಲಿ ಇತ್ತು ಅಂತ ಗಮನಿಸಿ. ಮುಂದಿನ ಸಲ ಯಾವುದೋ ಗ್ರೂಪಲ್ಲಿ ಯಾರದೋ ಹೆಸರು ಓಡಾಡ್ತಾ ಇದ್ದಾಗ, ಫಾರ್ವರ್ಡ್ ಒತ್ತೋಕೆ ಮುಂಚೆ ಆ ಮೂರನೇ ಸಾಲು ಕೇಳಿ. ಈ ಪುಸ್ತಕದಿಂದ ಅಷ್ಟು ಬಂದ್ರೆ ಸಾಕು.

ಕಾಮೆಂಟಿನ ನಿಯಮ: ಓದಿದೋರು ಹೆಸರು ಹಾಕಬೇಡಿ, ಸುಳಿವೂ ಬೇಡ, ‘ಕೊನೆ ನೋಡಿ ಶಾಕ್ ಆದೆ’ ಅಂತ ಬೇಕಾದ್ರೆ ಬರೀರಿ. ಹೆಸರು ಹಾಕಿದ್ರೆ ಡಿಲೀಟ್ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಮಾತಾಡಲೇಬೇಕು ಅಂದ್ರೆ ಡಿಎಂ ಮಾಡಿ, ರಾತ್ರಿ ಎಷ್ಟು ಹೊತ್ತಾದ್ರೂ ಸರಿ. ಆ ಕುರ್ಚಿ ಬಗ್ಗೆ ಮಾತಾಡೋಕೆ ನಾನು ಯಾವಾಗಲೂ ರೆಡಿ.

#ಪತ್ತೇದಾರಿಓದು #ಅಗಾಥಾಕ್ರಿಸ್ಟಿ #ರೋಜರ್‌ಆಕ್ರಾಯ್ಡ್ #ಹೆಸರುಹೇಳಬೇಡಿ